ಅಜ್ಜಿ ಆರಿಸಿದ ಹೊಂಗೆಬೀಜ

ಕುಪ್ಪಳ್ಳಿ ಕಡೆಯ ನಮ್ಮೂರಲ್ಲಿ ಅಜ್ಜಿ ಹಳ್ಳದ ಬದಿಯ ಹೊಂಗೆಬೀಜ ಆರಿಸಿ ತರ್ತಿದ್ರು, ದೀಪದ ಎಣ್ಣೆಗೆ. ಅದೇ ಎಣ್ಣೆಯಲ್ಲಿ ಎಂಜಿನ್ನೂ ಓಡುತ್ತೆ ಅಂತ ನಂಗೆ ಗೊತ್ತಾಗಿದ್ದು ಬಿ.ಇ. ಓದುವಾಗ.

ಇದೇನು ಹೊಸ ವಿದ್ಯೆಯಲ್ಲ. 1900ರ ಪ್ಯಾರಿಸ್ ವಸ್ತುಪ್ರದರ್ಶನದಲ್ಲೇ ಡೀಸೆಲ್ ಎಂಜಿನ್ನೊಂದು ಕಡಲೆಕಾಯಿ ಎಣ್ಣೆಯಲ್ಲಿ ಓಡಿತ್ತು. ಆದರೆ ಎಣ್ಣೆ ಮಂದ, ಎಂಜಿನ್ನಲ್ಲಿ ಮಸಿ ಕಟ್ಟುತ್ತೆ. 1937ರಲ್ಲಿ ಬೆಲ್ಜಿಯಂನ ಶವಾನ್ ಎಂಬಾತ ತಾಳೆ ಎಣ್ಣೆಯನ್ನು ಆಲ್ಕೋಹಾಲ್ ಜೊತೆ ವರ್ತಿಸುವಂತೆ ಮಾಡಿ ತೆಳುವಾಗಿಸುವ ವಿಧಾನಕ್ಕೆ ಪೇಟೆಂಟ್ ಪಡೆದ. ಇವತ್ತಿನ ಬಯೋಡೀಸೆಲ್‌ನ ಮೂಲ ಅದೇ.

ಹೊಂಗೆಯದು ಇನ್ನೊಂದು ತಕರಾರು. ಎಣ್ಣೆಯಲ್ಲಿ ಆಮ್ಲ ಜಾಸ್ತಿ. ನೇರ ಕ್ಷಾರ ಹಾಕಿದ್ರೆ ಡೀಸೆಲ್ ಬದಲು ಸೋಪಾಗುತ್ತೆ! ಅದಕ್ಕೇ ಮೊದಲು ಗಂಧಕಾಮ್ಲ, ಮೆಥನಾಲ್ ಹಾಕಿ ಆಮ್ಲ ಇಳಿಸ್ತಾರೆ, ಆಮೇಲೆ ಕ್ಷಾರ. ಕೆಲಸ ಎರಡಾದ್ರೂ ಎಣ್ಣೆ ಪೋಲಾಗಲ್ಲ.

ಭಾರತೀಯ ವಿಜ್ಞಾನ ಸಂಸ್ಥೆಯ ಪ್ರೊ. ಉಡುಪಿ ಶ್ರೀನಿವಾಸ ಬೇರೆ ದಾರಿ ಹಿಡಿದರು. ಕೋಲಾರ ಜಿಲ್ಲೆಯ ಕಗ್ಗನಹಳ್ಳಿಯಲ್ಲಿ ಹೊಂಗೆ ಎಣ್ಣೆಯನ್ನೇ ಜನರೇಟರಿಗೆ ಹಾಕಿ ಹೊಲಕ್ಕೆ ನೀರೆತ್ತಿಸಿದರು. ಪರಿವರ್ತನೆಯ ಖರ್ಚೇ ಇಲ್ಲ, ಹಿಂಡಿ ಗೊಬ್ಬರಕ್ಕೆ.

ಲೀಟರ್ ಎಣ್ಣೆಗೆ ಮೂರ್ನಾಲ್ಕು ಕೆಜಿ ಬೀಜ ಬೇಕು. ಅಜ್ಜಿಯಂತೆ ಬೆನ್ನು ಬಗ್ಗಿಸಿ ಆರಿಸೋರಿಗೆ ಕೂಲಿ ಗಿಟ್ಟದಿದ್ರೆ, ಎಂಥಾ ವಿಧಾನ ತಂದ್ರೂ ಲೆಕ್ಕ ತಾಳೆಯಾಗಲ್ಲ.