ಕಡಲ ದೂತರು

ಅಂಜನಾದ್ರಿಯ ಬುಡದ ಹನುಮನಹಳ್ಳಿಯ ಹೆಸರು ಕಿವಿಗೆ ಬಿದ್ದೊಡನೆ ಕಡಲನ್ನು ಹಾರಿ ವಾರ್ತೆ ತಂದ ದೂತನ ನೆನಪು ನಮಗಾಗುತ್ತದೆ. ಒಡೆಯನ ಅಪ್ಪಣೆ ಸೀತೆಯನ್ನು ಹುಡುಕುವುದಕ್ಕೆ. ಲಂಕೆಯನ್ನು ಸುಟ್ಟುದು ದೂತನ ಸ್ವಂತ ನಿರ್ಧಾರ. 1946ರಲ್ಲಿ ಮುಂಬಯಿಯ ಕಡಲ ದೂತರೂ ಅಪ್ಪಣೆಯ ಗೆರೆಯನ್ನು ದಾಟಿದರು.

ಯುದ್ಧಕಾಲದಲ್ಲಿ ಬ್ರಿಟಿಷ್ ನೌಕಾಪಡೆಯು ಬಳಸಿದ ಗ್ರಾಹಕಯಂತ್ರಗಳಲ್ಲಿ ಮಾರ್ಕೋನಿ ಕಂಪೆನಿಯ ಬಿ-28 ಒಂದು. ಭಾರವಾದ ಲೋಹದ ಪೆಟ್ಟಿಗೆ. 60 ಕಿಲೋಸೈಕಲ್ಲಿನಿಂದ 30 ಮೆಗಾಸೈಕಲ್ಲಿನವರೆಗೆ, ನಡುವೆ ಸಣ್ಣದೊಂದು ತೆರಪನ್ನು ಬಿಟ್ಟು, ಎಲ್ಲವನ್ನೂ ಕೇಳಬಲ್ಲುದಾಗಿತ್ತು. ಪ್ರೇಷಕಯಂತ್ರದ ಮುಂದೆ ಕುಳಿತವನ ಕೆಲಸ ಮೋರ್ಸ್ ಕೀಲಿಯನ್ನು ಒತ್ತುವುದು. ಕಳುಹಿಸಿದ ಮಾತು ಸರಿಯೇ ಎಂದು ಕೇಳುವ ಅಧಿಕಾರ ಅವನಿಗಿರಲಿಲ್ಲ. ಈ ವಿದ್ಯೆಯನ್ನು ಕಲಿಸುವ ಶಾಲೆ ಮುಂಬಯಿಯ 'ತಲವಾರ್'. ಹೆಸರು ಹಡಗಿನದು, ನಿಂತದ್ದು ನೆಲದ ಮೇಲೆ!

ಕೆಟ್ಟ ಊಟವನ್ನೂ ಅಧಿಕಾರಿಗಳ ಬೈಗುಳವನ್ನೂ ಸಹಿಸಲಾರದೆ ಅಲ್ಲಿಯ ನಾವಿಕರು ಫೆಬ್ರವರಿ 18ರಂದು ಮುಷ್ಕರ ಹೂಡಿದರು. ತಂತಿಯಿಲ್ಲದ ವಾರ್ತೆ ಹಡಗಿನಿಂದ ಹಡಗಿಗೆ ಹರಿದು ಕರಾಚಿಯನ್ನೂ ಮುಟ್ಟಿತು. ಮುಷ್ಕರದಲ್ಲಿ 78 ಹಡಗುಗಳು, ಸುಮಾರು 20,000 ಮಂದಿ ಸೇರಿದರೆಂದು ಲೆಕ್ಕ. ಚರಿತ್ರಕಾರರು ಫಿರಂಗಿಗಳನ್ನೇ ಹೆಚ್ಚಾಗಿ ವರ್ಣಿಸುವರು. ನಮಗಾದರೋ, ಮುಷ್ಕರಸಮಿತಿಯ ಅಧ್ಯಕ್ಷ ಎಂ. ಎಸ್. ಖಾನ್ ಸಂಕೇತವಾಹಕ, ಉಪಾಧ್ಯಕ್ಷ ಮದನಸಿಂಗ್ ತಂತಿಸಂದೇಶದವ ಎಂಬುದೇ ಗಮನಾರ್ಹವಾಗಿ ತೋರುತ್ತದೆ.

23ರಂದು ಅವರು ಶರಣಾದರು. ಕೆಲಸದಿಂದ ತೆಗೆದುಹಾಕಲ್ಪಟ್ಟವರನ್ನು ಸ್ವತಂತ್ರ ಭಾರತದ ನೌಕಾಪಡೆಯೂ ಮರಳಿ ಕರೆಯಲಿಲ್ಲ.