ಕುಲುಮೆ ಆರಿದ ಮೇಲೆ ಉಳಿದ ಹೆಸರುಗಳು

ಅಂಕಲಗಿ ಸೀಮೆಯಲ್ಲಿ, ಅಂದರೆ ಗೋಕಾಕ, ಮೂಡಲಗಿ, ಹುಕ್ಕೇರಿಯ ಹಳ್ಳಿಗಳಲ್ಲಿ, ಕಂಬಾರ ಎಂಬುದು ಇಂದು ಹೆಚ್ಚಾಗಿ ಒಂದು ಅಡ್ಡಹೆಸರು. ಹುಕ್ಕೇರಿ ತಾಲ್ಲೂಕಿನ ಘೋಡಗೇರಿಯಲ್ಲಿ 1937ರಲ್ಲಿ ಹುಟ್ಟಿದ ಚಂದ್ರಶೇಖರ ಕಂಬಾರರಿಗೆ 2010ನೇ ಸಾಲಿನ ಜ್ಞಾನಪೀಠ ಬಂದಾಗ ಆ ಹೆಸರು ದೇಶಕ್ಕೆಲ್ಲ ಪರಿಚಯವಾಯಿತು. ಹೆಸರಿಗೆ ಕಾರಣವಾದ ಕಸುಬಿನ ಚರಿತ್ರೆಯನ್ನು ಮಾತ್ರ ನಾವು ಅಷ್ಟಾಗಿ ವಿಚಾರಿಸಿಲ್ಲ.

ಮರದ ನೇಗಿಲು ಬಡಿಗನದು, ಅದರ ಕುಡ ಕಂಬಾರನದು. ಮಣ್ಣಿಗೆ ಸವೆದು ಮೊಂಡಾದ ಕುಡವನ್ನು ಹಣಿಸದೆ ಒಕ್ಕಲಿಗ ಹೊಲಕ್ಕೆ ಇಳಿಯುವಂತಿರಲಿಲ್ಲ. ತಿದಿ ಒತ್ತಿ, ಇದ್ದಿಲ ಬೆಂಕಿಯಲ್ಲಿ ಕುಡವನ್ನು ಕೆಂಪಗೆ ಕಾಯಿಸಿ, ಬಡಿದು ಮೊನೆ ತೆಗೆದು, ಕೊನೆಗೆ ನೀರಿನಲ್ಲಿ ಅದ್ದಿ ಹದ ಕೊಡಬೇಕು. ಹದ ಮೀರಿದರೆ ಮೊನೆ ಮುರಿಯುತ್ತದೆ, ಸಾಲದಿದ್ದರೆ ಬಾಗುತ್ತದೆ. ಅದನ್ನು ಅಳೆಯಲು ಇದ್ದದ್ದು ಕಾದ ಕಬ್ಬಿಣದ ಬಣ್ಣ ಗುರುತಿಸಬಲ್ಲ ಕಣ್ಣೊಂದೇ. ಕೂಲಿ ರೊಕ್ಕದಲ್ಲಿ ಇರಲಿಲ್ಲ. ರಾಶಿಯಾದಾಗ ಕಣದಲ್ಲಿ ಅಳೆದುಕೊಡುವ ಕಾಳೇ ಅವನ 'ಆಯ'.

ಕಬ್ಬಿಣದ ಕೆಲಸ ಕಂಬಾರನಲ್ಲಿಗೇ ಮುಗಿಯುತ್ತಿರಲಿಲ್ಲ. ಎತ್ತಿನ ಗೊರಸು ಸೀಳಿರುವುದರಿಂದ ಕಾಲಿಗೆ ಎರಡರಂತೆ ಒಂದು ಎತ್ತಿಗೆ ಎಂಟು ಲಾಳ ಬೇಕು. ಎತ್ತನ್ನು ಹಗ್ಗ ಹಾಕಿ ಕೆಡವಿ, ನೋವಾಗದಂತೆ ಮೊಳೆ ಹೊಡೆಯುವವನು ನಾಲಬಂದ. 'ನಾಲ' ಅರಬಿ ಮಾತು, 'ಬಂದ' ಪಾರ್ಸಿಯದು. ಕನ್ನಡದ 'ಲಾಳ'ವೂ ಆ ನಾಲದ ನಂಟೇ. ಕತ್ತಿ, ಚೂರಿಗಳನ್ನು ಸಾಣೆ ಹಿಡಿದು ಹೊಳಪಿಸುವವನು ಶಿಕ್ಕಲಗಾರ. ಈ ಹೆಸರಿನ ಮೂಲವೂ ಹೊಳಪು ಕೊಡುವುದನ್ನು ಹೇಳುವ ಅರಬಿ ಪದ. ನಾಲಬಂದ, ಶಿಕ್ಕಲಗಾರ ಇಬ್ಬರೂ ಕರ್ನಾಟಕದ ಹಿಂದುಳಿದ ವರ್ಗಗಳ ಪಟ್ಟಿಯಲ್ಲಿ ಪ್ರವರ್ಗ 1ರಲ್ಲಿರುವ ಮುಸ್ಲಿಮ್ ಸಮುದಾಯಗಳು. ಒಕ್ಕಲಿಗನ ಎತ್ತು ಬಂಡಿ ಎಳೆಯಬೇಕಾದರೆ ಗಾಲಿಗೆ ಕಂಬಾರನ ಹಳಿ ಬೇಕು, ಗೊರಸಿಗೆ ನಾಲಬಂದನ ಲಾಳ ಬೇಕು. ಸೌಹಾರ್ದದ ಭಾಷಣವಿಲ್ಲದೆಯೇ ಊರು ಹೀಗೆ ಒಂದಕ್ಕೊಂದು ಹೊಂದಿಕೊಂಡಿತ್ತು.

ಈ ಕೊಡುಕೊಳ್ಳುವಿಕೆ ಬರೀ ಊರಿನೊಳಗಿನದಲ್ಲ. ದಕ್ಷಿಣ ಭಾರತದಲ್ಲಿ ಕಬ್ಬಿಣವನ್ನು ಕಟ್ಟಿಗೆ ಚೂರು, ಎಲೆಗಳೊಂದಿಗೆ ಮಣ್ಣಿನ ಮೂಸೆಯಲ್ಲಿಟ್ಟು, ಬಾಯಿ ಮುಚ್ಚಿ ಕಾಯಿಸಿ ಉಕ್ಕು ಮಾಡುತ್ತಿದ್ದರು. ಅದು ಅರಬ್ ವರ್ತಕರ ಮೂಲಕ ಪಶ್ಚಿಮಕ್ಕೆ ಹೋಯಿತು. ಅರಬಿಯಲ್ಲಿ ಹಿಂದೂಸ್ಥಾನದ ಉಕ್ಕಿನ ಖಡ್ಗಕ್ಕೆ 'ಮುಹನ್ನದ್' ಎಂಬ ಹೆಸರೇ ಇದೆ. ಒಂಬತ್ತನೇ ಶತಮಾನದ ವಿದ್ವಾಂಸ ಅಲ್ ಕಿಂದಿ ಖಡ್ಗಗಳ ಕುರಿತೇ ಒಂದು ಗ್ರಂಥ ಬರೆದ. 1795ರಲ್ಲಿ ಲಂಡನ್ನಿನ ರಾಯಲ್ ಸೊಸೈಟಿಯಲ್ಲಿ ಈ ಉಕ್ಕಿನ ಬಗ್ಗೆ ಪ್ರಬಂಧ ಓದಿದಾಗ ಅದನ್ನು 'ವೂಟ್ಜ್' ಎಂದು ಕರೆಯಲಾಯಿತು. ನಮ್ಮ 'ಉಕ್ಕು' ಎಂಬ ಪದವೇ ಹೀಗೆ ರೂಪ ಬದಲಿಸಿತೆಂದು ಹಲವು ವಿದ್ವಾಂಸರ ಮತ.

ಹತ್ತೊಂಬತ್ತನೇ ಶತಮಾನದಲ್ಲಿ ಇದ್ದಿಲು ತುಟ್ಟಿಯಾಯಿತು, ಇಂಗ್ಲೆಂಡಿನ ಅಗ್ಗದ ಕಬ್ಬಿಣ ಬಂತು. ಅದಿರು ಕರಗಿಸುವ ಒಲೆಗಳು ಆರಿದವು, ಕುಲುಮೆ ಉಳಿಯಿತು. 1888ರಲ್ಲಿ ಬೆಳಗಾವಿಯಲ್ಲಿ ಸೈಕಲ್ ಅಂಗಡಿ ತೆರೆದ ಲಕ್ಷ್ಮಣರಾವ್ ಕಿರ್ಲೋಸ್ಕರರು ಇಪ್ಪತ್ತನೇ ಶತಮಾನದ ಆರಂಭದಲ್ಲಿ ಕಬ್ಬಿಣದ ನೇಗಿಲು ತಯಾರಿಸಿದರು. ಕಬ್ಬಿಣದಿಂದ ಮಣ್ಣು ವಿಷವಾಗುತ್ತದೆಂದು ರೈತರು ಮೊದಮೊದಲು ಹಿಂಜರಿದರಂತೆ. ವಿಷವಾಗಲಿಲ್ಲ. ಆದರೆ ಕಾರ್ಖಾನೆಯ ನೇಗಿಲು, ಅದರ ಹಿಂದೆ ಬಂದ ಟ್ರ್ಯಾಕ್ಟರು, ರಬ್ಬರ್ ಗಾಲಿ ಸೇರಿ ಕಂಬಾರ, ನಾಲಬಂದ ಇಬ್ಬರ ಆಯವನ್ನೂ ಕಿತ್ತುಕೊಂಡವು. ಇನ್ನೂ ಉರಿಯುವ ಕುಲುಮೆಗಳಲ್ಲಿ ಹಳೆ ಲಾರಿಯ ಸ್ಪ್ರಿಂಗ್ ಪಟ್ಟಿ ಕಾದು ಕುಡಗೋಲು, ಕೊಡಲಿಯಾಗುತ್ತದೆ.

ಯಂತ್ರ ಬೇಡವೆಂದು ನಾವು ಹೇಳುತ್ತಿಲ್ಲ. ಕಸುಬು ಹೋದಾಗ ಕಸುಬುದಾರನಿಗೆ ಏನು ಸಿಕ್ಕಿತೆಂದು ಕೇಳುತ್ತಿದ್ದೇವೆ. 2023ರಲ್ಲಿ ಕೇಂದ್ರ ಸರಕಾರ ಆರಂಭಿಸಿದ ವಿಶ್ವಕರ್ಮ ಯೋಜನೆಯ 18 ಕಸುಬುಗಳಲ್ಲಿ ಕಂಬಾರಿಕೆ ಇದೆ, ಒಳ್ಳೆಯದು. ನಾಲಬಂದನ ಕಸುಬಿನ ಹೆಸರು ಅದರಲ್ಲಿಲ್ಲ. ಎತ್ತಿನ ಕಾಲಡಿಯಲ್ಲಿ ಸವೆದವನು ಲೆಕ್ಕದಿಂದಲೂ ಸವೆದುಹೋಗಬೇಕೇ?

ಹಾಜರಿ ಪುಸ್ತಕದಲ್ಲಿ ಕಂಬಾರ, ನಾಲಬಂದ, ಶಿಕ್ಕಲಗಾರ ಎಂಬ ಹೆಸರು ಓದುವ ಶಿಕ್ಷಕರು ಒಮ್ಮೆ ನಿಂತು ಅವುಗಳ ಅರ್ಥ ಹೇಳಲಿ. ಈ ನಾಡನ್ನು ಉತ್ತವರಲ್ಲಿ ತಮ್ಮ ಅಜ್ಜಂದಿರೂ ಇದ್ದರೆಂದು ಆ ಮಕ್ಕಳಿಗೆ ತಿಳಿಯಲಿ.