ಪದವಿಯ ತರುವಾಯ

ಶ್ರೀಮಠದ ಮಹೋತ್ಸವದ ಈ ಶುಭಸಮಯದಲ್ಲಿ, ಮಠದ ಪ್ರಸಾದವನ್ನುಂಡು ಮಠದ ನೆರಳಿನಲ್ಲಿ ಓದಿದ ಶಿಷ್ಯರು ನಾಡಿನ ನಾನಾ ಭಾಗಗಳಿಂದ ಬಂದು ಒಂದೆಡೆ ಕೂಡುವರು. ಅವರಲ್ಲಿ ಒಬ್ಬನು ಅಧಿಕಾರಿಯಾಗಿರುವನು, ಒಬ್ಬಳು ವೈದ್ಯಳಾಗಿರುವಳು, ಒಬ್ಬನು ದೂರದೇಶದಲ್ಲಿ ದುಡಿಯುತ್ತ ಉತ್ಸವಕ್ಕೆಂದೇ ಬಂದಿರುವನು. ಪದವಿಯನ್ನು ಪಡೆದು ಎರಡು ವರ್ಷಗಳಾದರೂ ಉದ್ಯೋಗ ದೊರೆಯದೆ, ಯಾರಾದರೂ ಕೇಳಿಯಾರೆಂಬ ಸಂಕೋಚದಿಂದ ಹಿಂದಿನ ಸಾಲಿನಲ್ಲಿ ಕುಳಿತವನೂ ಒಬ್ಬನಿರುವನು. ಈ ನಾಲ್ವರೂ ಮಠದ ಮಕ್ಕಳೇ. ಕಾಲೇಜಿನ ಬಾಗಿಲನ್ನು ದಾಟಿದ ಮೇಲಿನ ಕೆಲವು ವರ್ಷಗಳು ಮನುಷ್ಯನ ಬಾಳಿನಲ್ಲಿ ಬಹು ಕಠಿಣವಾದವು. ಆ ವರ್ಷಗಳನ್ನು ನಮ್ಮ ಸಮಾಜದ ಮೊದಲ ತಲೆಮಾರಿನ ಪದವೀಧರರು ಹೇಗೆ ಕಳೆದರು, ಆಗ ಹಿರಿಯರು ಅವರಿಗೆ ಹೇಗೆ ಬೆಂಬಲವಾದರು ಎಂಬುದನ್ನು ನೆನೆಯುವದು ಈ ಸಂದರ್ಭಕ್ಕೆ ಉಚಿತವೆಂದು ತಿಳಿದು ಈ ಲೇಖನವನ್ನು ಬರೆಯಲಾಗಿದೆ.

ಮುಂಬಯಿ ವಿಶ್ವವಿದ್ಯಾಲಯವು ಸ್ಥಾಪಿತವಾದುದು ೧೮೫೭ರಲ್ಲಿ. ಆದರೆ ಧಾರವಾಡ, ಬೆಳಗಾವಿ, ವಿಜಾಪುರ, ಕಾರವಾರ ಈ ನಾಲ್ಕು ಜಿಲ್ಲೆಗಳ ಮುಂಬಯಿ ಕರ್ನಾಟಕಕ್ಕೆ ತನ್ನದೇ ಆದ ಕಾಲೇಜು ದೊರೆತುದು ೧೯೧೭ರಲ್ಲಿ, ಧಾರವಾಡದ ಕರ್ನಾಟಕ ಕಾಲೇಜು ಆರಂಭವಾದಾಗ. ನಡುವಿನ ಅರುವತ್ತು ವರ್ಷಗಳ ಪರ್ಯಂತ ಕನ್ನಡದ ಹುಡುಗನು ಪದವಿಯನ್ನು ಬಯಸಿದರೆ ಪುಣೆಗೋ ಕೊಲ್ಹಾಪುರಕ್ಕೋ ಮುಂಬಯಿಗೋ ಹೋಗಬೇಕಾಗಿದ್ದಿತು. ಊರು ಬೇರೆ, ಭಾಷೆ ಬೇರೆ, ಊಟ ಬೇರೆ. ಒಕ್ಕಲುತನದ ಮನೆಯಲ್ಲಿ ಒಬ್ಬ ಮಗನನ್ನು ಇಷ್ಟು ದೂರ ಕಳಿಸುವದೆಂದರೆ ದುಡಿಯುವ ಒಂದು ಜೊತೆ ಕೈಗಳನ್ನು ಕಳೆದುಕೊಂಡು, ಮೇಲೆ ಸಾಲವನ್ನೂ ಹೊತ್ತುಕೊಳ್ಳುವದೇ ಆಗಿದ್ದಿತು. ಆದುದರಿಂದ ಪದವಿಯೊಡನೆ ಹಿಂತಿರುಗಿದ ತರುಣನ ಮೇಲೆ ಮನೆಯವರೆಲ್ಲರ ಕಣ್ಣು ನೆಟ್ಟಿರುತ್ತಿದ್ದುದರಲ್ಲಿ ಆಶ್ಚರ್ಯವೇನೂ ಇಲ್ಲ. ಮಗನು ಮಾಮಲೇದಾರನಾಗಬೇಕು, ಮುನಸೀಫನಾಗಬೇಕು, ಇಲ್ಲವೆ ವಕೀಲಿಯನ್ನಾದರೂ ಮಾಡಿ ಸಾಲವನ್ನು ತೀರಿಸಬೇಕು ಎಂಬುದೇ ಎಲ್ಲರ ಆಸೆ. ಈ ಆಸೆಯನ್ನು ಸ್ವಾರ್ಥವೆಂದು ಹಳಿಯುವದು ನ್ಯಾಯವಲ್ಲ. ಹಸಿದ ಮನೆಯ ಆಸೆ ಅದು.

ಈ ಕಷ್ಟವನ್ನು ಕಣ್ಣಾರೆ ಕಂಡ ಹಿರಿಯರಿಬ್ಬರು ಗಿಲಗಂಚಿ ಗುರುಸಿದ್ಧಪ್ಪನವರು ಮತ್ತು ಅರಟಾಳ ರುದ್ರಗೌಡರು. ಇಬ್ಬರೂ ಸರಕಾರದ ಸೇವೆಯಲ್ಲಿದ್ದವರು. ತಮ್ಮ ಸಂಬಳ ತಮ್ಮ ಮನೆಗೆ ಸಾಕೆಂದು ಅವರು ಸುಮ್ಮನಿರಬಹುದಾಗಿತ್ತು. ಹಾಗೆ ಮಾಡದೆ ಅವರು ೧೮೮೩ರಲ್ಲಿ ಧಾರವಾಡದಲ್ಲಿ ಲಿಂಗಾಯತ ವಿದ್ಯಾಭಿವೃದ್ಧಿಯ ನಿಧಿಯನ್ನು ಸ್ಥಾಪಿಸಿ, ಬಡ ಮಕ್ಕಳ ಓದಿಗೆ ನೆರವಾಗುವ ಏರ್ಪಾಡನ್ನು ಮಾಡಿದರು. ಅವರ ತರುವಾಯ ಶಿರಸಂಗಿಯ ಲಿಂಗರಾಜ ದೇಸಾಯಿಯವರು ಇದೇ ದಾರಿಯಲ್ಲಿ ಇನ್ನೂ ಮುಂದೆ ನಡೆದರು. ೧೯೦೪ರಲ್ಲಿ ಹಾನಗಲ್ಲ ಶ್ರೀ ಕುಮಾರ ಮಹಾಸ್ವಾಮಿಗಳವರ ಪ್ರೇರಣೆಯಿಂದ ಧಾರವಾಡದಲ್ಲಿ ಕೂಡಿದ ವೀರಶೈವ ಮಹಾಸಭೆಯ ಪ್ರಥಮ ಅಧಿವೇಶನಕ್ಕೆ ಅಧ್ಯಕ್ಷರಾಗಿದ್ದವರು ಇವರೇ. ೧೯೦೬ರಲ್ಲಿ ಲಿಂಗೈಕ್ಯರಾಗುವ ಮುನ್ನ ಅವರು ತಮ್ಮ ಸಂಸ್ಥಾನದ ಆಸ್ತಿಯನ್ನು ಮೃತ್ಯುಪತ್ರದ ಮೂಲಕ ಸಮಾಜದ ಮಕ್ಕಳ ವಿದ್ಯೆಗೆಂದು ಮುಡಿಪಾಗಿಟ್ಟರು. ತ್ಯಾಗವೀರರೆಂದು ಜನರು ಅವರನ್ನು ಕರೆದುದು ಸಾರ್ಥಕವಾಯಿತು. ಆ ಕಾಲದ ಎಷ್ಟೋ ಪದವಿಗಳ ಹಿಂದೆ, ಪದವೀಧರನು ಎಂದೂ ಮುಖಾಮುಖಿ ಕಾಣದ ಇಂಥ ಹಿರಿಯರ ಕೈಗಳಿದ್ದವು ಎಂಬುದನ್ನು ವಾಚಕರು ನೆನಪಿನಲ್ಲಿಡಬೇಕು.

ಇನ್ನು ಪದವಿಯನ್ನು ಪಡೆದವರ ಕಡೆಗೆ ಬರೋಣ. ಧಾರವಾಡದ ಶಿಕ್ಷಕರೊಬ್ಬರ ಮಗನಾಗಿ ೧೮೮೦ರಲ್ಲಿ ಹುಟ್ಟಿದ ಫಕೀರಪ್ಪ ಗುರುಬಸಪ್ಪ ಹಳಕಟ್ಟಿಯವರು ಮುಂಬಯಿಯಲ್ಲಿ ಓದಿ, ೧೯೦೪ರಲ್ಲಿ ಕಾನೂನಿನ ಪದವಿಯನ್ನು ಪಡೆದರು. ಬೆಳಗಾವಿಯಲ್ಲಿ ಕೆಲಕಾಲ ವಕೀಲಿ ಮಾಡಿ ವಿಜಾಪುರಕ್ಕೆ ಬಂದು ನೆಲೆಸಿದರು. ಮೇಲೆ ಹೇಳಿದ ಮನೆಯವರ ಆಸೆಯೆಲ್ಲವೂ ಇಲ್ಲಿ ಕೈಗೂಡಿತೆನ್ನಬಹುದು. ಬುದ್ಧಿವಂತ ವಕೀಲ, ಹೊಸ ಊರು, ಬೆಳೆಯುತ್ತಿದ್ದ ಕೆಲಸ. ಆದರೆ ಅವರು ತಮ್ಮ ಕಕ್ಷಿದಾರರಿಂದ ಬಂದ ಹಣವನ್ನು ಬೇರೊಂದು ಕಡೆಗೆ ಹರಿಸಿದರು. ೧೯೧೦ರಲ್ಲಿ ವಿಜಾಪುರ ಜಿಲ್ಲೆಯ ಲಿಂಗಾಯತ ವಿದ್ಯಾಸಂಸ್ಥೆಯ ಸ್ಥಾಪನೆಯಲ್ಲಿ ಮುಂದಾದರು; ೧೯೧೨ರಲ್ಲಿ ಶ್ರೀ ಸಿದ್ಧೇಶ್ವರ ಸಹಕಾರಿ ಬ್ಯಾಂಕಿಗೆ ಅಸ್ತಿಭಾರವನ್ನು ಹಾಕಿದರು. ಇದರೊಡನೆ ಮನೆಮನೆಗಳ, ಮಠಮಠಗಳ ಓಲೆಗರಿಯ ಕಟ್ಟುಗಳನ್ನು ಹುಡುಕಿ, ಬಿಡಿಸಿ, ಓದಿ, ಪ್ರತಿಮಾಡುವ ಕಾರ್ಯವು ನಡೆದೇ ಇದ್ದಿತು. ವಚನಶಾಸ್ತ್ರಸಾರದ ಮೊದಲ ಭಾಗವು ೧೯೨೩ರಲ್ಲಿ ಬೆಳಕು ಕಂಡಿತು.

ಕಾನೂನಿನ ಪದವಿಗೂ ಈ ಗ್ರಂಥಕ್ಕೂ ನಡುವೆ ಹತ್ತೊಂಬತ್ತು ವರ್ಷಗಳ ಅಂತರವಿದೆ. ಹಗಲು ಕೋರ್ಟು, ಉಳಿದ ವೇಳೆಯೆಲ್ಲ ಓಲೆಗರಿ. ಆ ವರ್ಷಗಳಲ್ಲಿ ಹೊರಗಿನವರ ಕಣ್ಣಿಗೆ ಕಾಣುವಂಥ ಫಲ ಬಹಳವಿರಲಿಲ್ಲ. ತರುವಾಯ ಅವರು ಹಿತಚಿಂತಕ ಮುದ್ರಣಾಲಯವನ್ನು ಸ್ಥಾಪಿಸಿದರು. ಅದಕ್ಕಾಗಿ ಸ್ವಂತ ಮನೆಯನ್ನೇ ಮಾರಿದರೆಂಬುದು ನಾಡಿನಲ್ಲೆಲ್ಲ ಹೆಸರಾದ ಮಾತು. ೧೯೨೬ರಲ್ಲಿ ಶಿವಾನುಭವ ಪತ್ರಿಕೆಯನ್ನೂ ೧೯೨೭ರಲ್ಲಿ ನವಕರ್ನಾಟಕ ವಾರಪತ್ರಿಕೆಯನ್ನೂ ಆರಂಭಿಸಿದರು. ೧೯೨೬ರಲ್ಲಿಯೇ ಬಳ್ಳಾರಿಯ ಸಾಹಿತ್ಯ ಸಮ್ಮೇಳನದ ಅಧ್ಯಕ್ಷಪೀಠವು ಅವರನ್ನು ಅರಸಿ ಬಂದಿತು. ೧೯೬೪ರಲ್ಲಿ ಲಿಂಗೈಕ್ಯರಾಗುವವರೆಗೂ ಅವರ ಕೈಯ ಲೇಖನಿಯು ನಿಲ್ಲಲಿಲ್ಲ. ಇಂದು ನಾವು ಶರಣರ ನುಡಿಗಳನ್ನು ಅಚ್ಚಿನ ಪುಸ್ತಕದಲ್ಲಿ ಓದುವಾಗ, ಒಬ್ಬ ತರುಣ ವಕೀಲನ ಸಂಪಾದನೆಯೂ ಸಂಜೆಗಳೂ ಅದರಲ್ಲಿ ಕರಗಿವೆಯೆಂಬುದನ್ನು ಮರೆಯಬಾರದು. ವೃತ್ತಿಯನ್ನು ಬಿಡದೆ, ವೃತ್ತಿಯ ಫಲವನ್ನು ದಾಸೋಹಕ್ಕೆ ಸಲ್ಲಿಸುವದು ಹಳಕಟ್ಟಿಯವರ ಮಾರ್ಗ.

ಇದಕ್ಕಿಂತ ಬೇರೆಯಾದ ಮಾರ್ಗವನ್ನು ಹಿಡಿದವರು ಬೆಳಗಾವಿಯ ಸಪ್ತರ್ಷಿಗಳು. ಪುಣೆಯಲ್ಲಿ ೧೮೮೪ರಲ್ಲಿ ಸ್ಥಾಪಿತವಾದ ಡೆಕ್ಕನ್ ಎಜುಕೇಶನ್ ಸೊಸೈಟಿಯು ಆಜೀವ ಸದಸ್ಯತ್ವವೆಂಬ ಹೊಸ ಪದ್ಧತಿಯನ್ನು ಹಾಕಿಕೊಟ್ಟಿದ್ದಿತು. ಪದವಿಯನ್ನು ಪಡೆದ ತರುಣನು ಬೇರೆ ಕಡೆ ದೊರೆಯಬಹುದಾದ ದೊಡ್ಡ ಸಂಬಳವನ್ನು ಬಿಟ್ಟು, ಇಪ್ಪತ್ತು ವರ್ಷಗಳ ಕಾಲ ಅಲ್ಪವೇತನದಲ್ಲಿ ಸಂಸ್ಥೆಗಾಗಿ ದುಡಿಯುವೆನೆಂದು ಮಾತು ಕೊಡುವನು. ಗೋಪಾಲಕೃಷ್ಣ ಗೋಖಲೆಯವರು ತಿಂಗಳಿಗೆ ಎಪ್ಪತ್ತೈದು ರೂಪಾಯಿಗಳ ವೇತನದಲ್ಲಿ ಈ ವ್ರತವನ್ನು ಪಾಲಿಸಿದುದು ಲೋಕವಿದಿತವಾಗಿದೆ. ಅಲ್ಲಿ ಸಾಧ್ಯವಾದುದು ನಮ್ಮ ನಾಡಿನಲ್ಲಿ ಏಕೆ ಸಾಧ್ಯವಾಗಬಾರದೆಂಬ ಛಲದಿಂದ ಶಿ. ಶಿ. ಬಸವನಾಳ, ಎಂ. ಆರ್. ಸಾಖರೆ, ಬಿ. ಬಿ. ಮಮದಾಪುರ, ಎಚ್. ಎಫ್. ಕಟ್ಟೀಮನಿ, ಬಿ. ಎಸ್. ಹಂಚಿನಾಳ, ಪಿ. ಆರ್. ಚಿಕ್ಕೋಡಿ ಮೊದಲಾದ ಏಳು ಜನರು ಕೂಡಿದರು. ೧೯೧೬ನೆಯ ಇಸವಿಯ ನವೆಂಬರ ೧೩ರಂದು ಬೆಳಗಾವಿಯಲ್ಲಿ ಕರ್ನಾಟಕ ಲಿಂಗಾಯತ ಎಜುಕೇಶನ್ ಸೊಸೈಟಿಯು ಜನಿಸಿತು. ಬಸವನಾಳರಿಗೆ ಆಗ ಇಪ್ಪತ್ತಮೂರು ವರ್ಷ. ಮನೆಯವರು ಮಗನ ನೌಕರಿಯ ಮಾತನ್ನಾಡುವ ವಯಸ್ಸು ಅದು. ಅವರು ಶಾಲೆಯ ಮಾತನ್ನಾಡಿದರು.

ಇಲ್ಲಿ ಒಂದು ಸಂಗತಿಯನ್ನು ವಿಶೇಷವಾಗಿ ಗಮನಿಸಬೇಕು. ಆ ಸಂಸ್ಥೆಯ ಮೊದಲ ಶಾಲೆಗೆ ಗಿಲಗಂಚಿ ಅರಟಾಳ ಹೈಸ್ಕೂಲೆಂದು ಹೆಸರು. ೧೯೩೩ರಲ್ಲಿ ಆರಂಭವಾದ ಕಾಲೇಜಿಗೆ ಶಿರಸಂಗಿಯ ಲಿಂಗರಾಜರ ಹೆಸರು. ೧೯೪೭ರಲ್ಲಿ ಹುಬ್ಬಳ್ಳಿಯಲ್ಲಿ ತೆರೆದ ಇಂಜಿನಿಯರಿಂಗ್ ಕಾಲೇಜಿಗೆ ಭೂಮರಡ್ಡಿಯವರ ಹೆಸರು. ತಮ್ಮ ಯೌವನವನ್ನೇ ಧಾರೆಯೆರೆದ ತರುಣರು ಈ ಮೂರಕ್ಕೂ ಹಿರಿಯರ, ದಾನಿಗಳ ಹೆಸರನ್ನಿಟ್ಟರು. ಇದು ವಿನಯದ ಲಕ್ಷಣವೇನೋ ಸರಿ. ಆದರೆ ಇದರಲ್ಲಿ ವಿನಯಕ್ಕಿಂತ ಹೆಚ್ಚಿನ ಒಂದು ಸತ್ಯವೂ ಅಡಗಿದೆ. ಆ ಏಳು ಜನರ ಹತ್ತಿರ ವಿದ್ಯೆಯೂ ವಯಸ್ಸೂ ಇದ್ದವು, ಹಣವಿರಲಿಲ್ಲ. ಹಿರಿಯರ ಹತ್ತಿರ ಹಣವಿದ್ದಿತು, ದಿನವೂ ಪಾಠ ಹೇಳುವ ಬಲವಿರಲಿಲ್ಲ. ವಂಟಮುರಿಯ ರಾಜಾ ಲಖಮಗೌಡ ಸರದೇಸಾಯಿಯವರಂಥ ಶ್ರೀಮಂತರು ಬೆಂಬಲವಾಗಿ ನಿಂತುದರಿಂದಲೇ ತರುಣರ ಸಂಕಲ್ಪವು ಗೋಡೆಯಾಗಿ, ಛಾವಣಿಯಾಗಿ ಎದ್ದಿತು. ತರುಣರ ಬಾಳಿನ ಕೆಲವು ವರ್ಷಗಳೂ ಹಿರಿಯರ ಗಳಿಕೆಯ ಕೆಲವು ಭಾಗವೂ ಕೂಡಿದಲ್ಲಿ ಮಾತ್ರ ಸಂಸ್ಥೆ ಹುಟ್ಟುವದು. ಒಂದನ್ನು ಬಿಟ್ಟು ಇನ್ನೊಂದು ಹೆಚ್ಚು ಕಾಲ ಬಾಳಲಾರದು.

ಶಾಲೆಯನ್ನು ನಡೆಸುವ ಭಾರದ ನಡುವೆಯೂ ಈ ಮಹನೀಯರು ತಮ್ಮ ವ್ಯಾಸಂಗವನ್ನು ಬಿಡಲಿಲ್ಲ. ಬಸವನಾಳರು ಬಸವಣ್ಣನವರ ವಚನಗಳನ್ನು ಕೆ. ಆರ್. ಶ್ರೀನಿವಾಸ ಅಯ್ಯಂಗಾರರೊಡಗೂಡಿ ಇಂಗ್ಲೀಷಿಗೆ ತಂದು ೧೯೪೦ರಲ್ಲಿ ಪ್ರಕಟಿಸಿದರು. ೧೯೪೪ರಲ್ಲಿ ರಬಕವಿಯ ಸಾಹಿತ್ಯ ಸಮ್ಮೇಳನಕ್ಕೆ ಅಧ್ಯಕ್ಷರಾದರು. ಸಾಖರೆಯವರು ಲಿಂಗಾಯತ ಧರ್ಮದ ಇತಿಹಾಸ ಮತ್ತು ತತ್ವಗಳನ್ನು ಕುರಿತು ೧೯೪೨ರಲ್ಲಿ ಇಂಗ್ಲೀಷಿನಲ್ಲಿ ಬೃಹದ್ಗ್ರಂಥವನ್ನು ರಚಿಸಿದರು. ಸೇವೆಯೆಂದರೆ ವಿದ್ಯೆಯನ್ನು ಬತ್ತಿಸಿಕೊಳ್ಳುವದಲ್ಲ ಎಂಬುದಕ್ಕೆ ಇವರ ಬಾಳೇ ಸಾಕ್ಷಿ.

ಹಾಗಾದರೆ ಸರಕಾರದ ಉದ್ಯೋಗಕ್ಕೆ ಹೋದವರು ಸಮಾಜಕ್ಕೆ ಎರವಾದರೆಂದು ಎಣಿಸಬೇಕೇ? ಹಾಗೆಣಿಸುವದು ತಪ್ಪು. ಅರಟಾಳರ ಉದಾಹರಣೆಯು ಮೊದಲೇ ಬಂದಿದೆ. ಇನ್ನೊಂದನ್ನು ಹೇಳುವದಾದರೆ, ಗೋಕಾಕ ತಾಲೂಕಿನ ಮಮದಾಪುರದಲ್ಲಿ ಹುಟ್ಟಿದ ದಾದಪ್ಪ ಚಿಂತಪ್ಪ ಪಾವಟೆಯವರು ೧೯೨೭ರಲ್ಲಿ ಕೇಂಬ್ರಿಜಿನಲ್ಲಿ ಗಣಿತದ ರ‍್ಯಾಂಗ್ಲರ್ ಎನಿಸಿಕೊಂಡು ಹಿಂತಿರುಗಿದರು. ಕಾಶಿಯ ಹಿಂದೂ ವಿಶ್ವವಿದ್ಯಾಲಯದಲ್ಲಿ ಪಾಠ ಹೇಳಿ, ಆಮೇಲೆ ಮುಂಬಯಿ ಪ್ರಾಂತದ ಶಿಕ್ಷಣ ಇಲಾಖೆಯನ್ನು ಸೇರಿ ಅದರ ನಿರ್ದೇಶಕರ ಸ್ಥಾನದವರೆಗೆ ಏರಿದರು. ೧೯೫೪ರಿಂದ ೧೯೬೭ರ ಪರ್ಯಂತ ಕರ್ನಾಟಕ ವಿಶ್ವವಿದ್ಯಾಲಯದ ಕುಲಪತಿಗಳಾಗಿ ಧಾರವಾಡದ ಗುಡ್ಡದ ಮೇಲೆ ಅದನ್ನು ಬೆಳೆಸಿದರು. ಕಾಲೇಜಿಲ್ಲದ ನಾಡಿಗೆ ವಿಶ್ವವಿದ್ಯಾಲಯವೊಂದು ದೊರೆತು ಬೇರೂರಿದುದರಲ್ಲಿ ಆ ಅಧಿಕಾರಿಯ ಕಾಯಕದ ಪಾಲು ದೊಡ್ಡದು. ಕುರ್ಚಿಯು ಕಾಯಕದ ಸ್ಥಳವಾದರೆ ಅದೂ ಪೂಜೆಯೇ.

ಇತ್ತ ಮೈಸೂರು ಸೀಮೆಯಲ್ಲಿ ಇದೇ ಪ್ರಶ್ನೆಯು ಒಬ್ಬ ವಿದ್ಯಾರ್ಥಿಯ ಮುಂದೆ ಬೇರೆ ರೂಪದಲ್ಲಿ ಬಂದು ನಿಂತಿತು. ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಓದುತ್ತಿದ್ದ ತರುಣನೊಬ್ಬನನ್ನು ೧೯೩೦ರಲ್ಲಿ ತುಮಕೂರಿನ ಬಳಿಯ ಸಿದ್ಧಗಂಗಾ ಮಠವು ತನ್ನ ಉತ್ತರಾಧಿಕಾರಿಯಾಗಿ ಆರಿಸಿತು. ವಯಸ್ಸು ಇಪ್ಪತ್ತೆರಡು. ಕಾಲೇಜಿನ ಗೆಳೆಯರು ಉದ್ಯೋಗಗಳನ್ನು ಅರಸುವ ಹೊತ್ತಿಗೆ ಈ ತರುಣನು ಕಾವಿಯನ್ನು ಧರಿಸಿದನು. ಶ್ರೀ ಶಿವಕುಮಾರ ಮಹಾಸ್ವಾಮಿಗಳವರೆಂದು ಲೋಕವೆಲ್ಲ ನಮಿಸಿದ ಆ ಮಹಾಚೇತನವು ೨೦೧೯ರ ಜನವರಿ ೨೧ರಂದು ಲಿಂಗೈಕ್ಯವಾಗುವ ಪರ್ಯಂತ, ಜಾತಿಮತಗಳ ಭೇದವಿಲ್ಲದೆ ಸಾವಿರಾರು ಬಡ ಮಕ್ಕಳಿಗೆ ಅನ್ನವನ್ನೂ ಅಕ್ಷರವನ್ನೂ ಅನುಗ್ರಹಿಸಿತು. ಪ್ರಸಾದನಿಲಯಗಳ ಬಾಗಿಲು ಎಲ್ಲರಿಗೂ ತೆರೆದಿರಬೇಕೆಂಬುದನ್ನು ಅವರು ಮಾತಿನಿಂದಲ್ಲ, ದಿನದಿನದ ಪಂಕ್ತಿಯಿಂದ ತೋರಿಸಿದರು.

ಈ ಬಾಳುಗಳನ್ನು ಒಟ್ಟಿಗೆ ನೋಡಿದಾಗ ಮಾರ್ಗಗಳು ಬೇರೆಬೇರೆಯಾಗಿದ್ದರೂ ಒಂದು ಗುಣವು ಎಲ್ಲರಲ್ಲಿಯೂ ಕಾಣುವದು. ಪದವಿಯು ತಮ್ಮೊಬ್ಬರ ಸೊತ್ತಲ್ಲವೆಂದು ಅವರು ನಡೆದುಕೊಂಡರು. ಅದನ್ನು ಆಳುವ ಪತ್ರವೆಂದು ತಿಳಿಯದೆ ಋಣದ ಪತ್ರವೆಂದು ತಿಳಿದರು. ಪಡೆದವರಿಗೆ ಹಿಂದಿರುಗಿಸಲಾಗದುದನ್ನು ಮುಂದಿನವರಿಗೆ ಸಲ್ಲಿಸಿದರು. ಇಲ್ಲಿ ಹೇಳಿದ ಹೆಸರುಗಳಲ್ಲಿ ಒಂದಾದರೂ ಹೆಣ್ಣುಮಗಳದಲ್ಲವೆಂಬುದು ಮನಸ್ಸಿಗೆ ಚುಚ್ಚುವ ಸಂಗತಿ. ಅಕ್ಕಮಹಾದೇವಿಯನ್ನು ಅನುಭವಮಂಟಪದಲ್ಲಿ ಗೌರವಿಸಿದ ಸಮಾಜವು ತನ್ನ ಹೆಣ್ಣುಮಕ್ಕಳನ್ನು ಕಾಲೇಜಿಗೆ ಕಳಿಸುವದರಲ್ಲಿ ಹಿಂದೆ ಬಿದ್ದಿತು. ಇಂದು ಅವರು ಪದವಿಗಳನ್ನು ಪಡೆದು ಬರುತ್ತಿರುವಾಗ, ಪದವಿಯ ಮರುವರ್ಷವೇ ಅವರ ವಿದ್ಯೆಯನ್ನು ಮನೆಯ ಗೋಡೆಗಳೊಳಗೆ ಮುಚ್ಚಿಡುವದು ಹಳೆಯ ತಪ್ಪನ್ನೇ ಹೊಸದಾಗಿ ಮಾಡಿದಂತೆ.

ಕಡೆಯದಾಗಿ ಹಿರಿಯರಾದ ಭಕ್ತಮಹಾಶಯರಲ್ಲಿ ಒಂದು ವಿಜ್ಞಾಪನೆ. ಇಂಥ ಉತ್ಸವಗಳಲ್ಲಿ ತರುಣರಿಗೆ ತ್ಯಾಗದ ಉಪದೇಶವನ್ನು ಮಾಡುವದು ವಾಡಿಕೆ. ಆ ಉಪದೇಶವು ಬೇಕು. ಆದರೆ ಸಪ್ತರ್ಷಿಗಳ ಇತಿಹಾಸವು ಹಿರಿಯರಿಗೂ ಉಪದೇಶವನ್ನು ಮಾಡುತ್ತದೆ. ನಮ್ಮ ನಿಧಿಗಳೂ ಪ್ರಸಾದನಿಲಯಗಳೂ ವಿದ್ಯಾರ್ಥಿಯನ್ನು ಪದವಿಯ ಬಾಗಿಲಿನವರೆಗೆ ಕೈಹಿಡಿದು ಕರೆದೊಯ್ಯುತ್ತವೆ. ಬಾಗಿಲಾಚೆಗೆ ಅವನೊಬ್ಬನನ್ನೇ ಬಿಟ್ಟುಬಿಡುತ್ತವೆ. ಅಲ್ಲಿಯೇ ಅವನಿಗೆ ಕೈಯ ಆಸರೆಯು ಹೆಚ್ಚು ಬೇಕು. ಮಠದಲ್ಲಿ ಓದಿ ಹೋದವರ ಹೆಸರು, ಊರು, ಕಾಯಕಗಳನ್ನು ಬರೆದಿಡುವ ಒಂದು ಪುಸ್ತಕವಿರಲಿ. ಉದ್ಯೋಗದಲ್ಲಿ ನೆಲೆನಿಂತ ಹಳೆಯ ಶಿಷ್ಯನೊಬ್ಬನು ಹೊಸದಾಗಿ ಹೊರಬಿದ್ದ ಒಬ್ಬನಿಗಾದರೂ ಎರಡು ವರ್ಷಗಳ ಪರ್ಯಂತ ಅಣ್ಣನಾಗಿ ದಾರಿ ತೋರಿಸಲಿ. ಊರಿನಲ್ಲಿಯೇ ನಿಂತು ಶಾಲೆಯನ್ನೋ ಸಹಕಾರಿ ಸಂಘವನ್ನೋ ಕಟ್ಟಬಯಸುವ ತರುಣನಿಗೆ, ಬೆಳಗಾವಿಯ ಹಿರಿಯರು ನಿಂತಂತೆ, ಹಣವಂತರು ಬೆನ್ನಿಗೆ ನಿಲ್ಲಲಿ.

ಹಾಗಾದ ದಿನ, ಮುಂದಿನ ಉತ್ಸವದಲ್ಲಿ ಹಿಂದಿನ ಸಾಲಿನಲ್ಲಿ ಸಂಕೋಚದಿಂದ ಕೂಡ್ರುವ ಪದವೀಧರನನ್ನು ಹಿರಿಯರೇ ಎದ್ದು ಹೋಗಿ ಮುಂದಕ್ಕೆ ಕರೆತರುವರು. ಅಂಥ ಬುದ್ಧಿಯನ್ನೂ ಬಲವನ್ನೂ ಶ್ರೀಗುರುವು ನಮ್ಮೆಲ್ಲರಿಗೂ ಕರುಣಿಸಲೆಂದು ಬೇಡಿ, ಪೂಜ್ಯರ ಪಾದಗಳಲ್ಲಿ ಶರಣುಶರಣಾರ್ಥಿಗಳನ್ನು ಸಲ್ಲಿಸುವೆನು.